ಸೈಟಿನಿಂದ ಕಾಲೇಜಿಗೆ, ಕಾಲೇಜಿನಿಂದ ಸೈಟಿಗೆ: ಮಲೆನಾಡಿನ ಕಟ್ಟಡ ಕೆಲಸದ ಹುಡುಗರಿಗೆ ಯಶಸ್ಸಿನ ಸೂತ್ರಗಳು

ಶೆಟ್ಟಿಕೊಪ್ಪದ ಆಸುಪಾಸಿನಲ್ಲಿ ಕಟ್ಟಡದ ಕೆಲಸ ಬಲ್ಲ ಹುಡುಗರಿಗೆ ಬರವಿಲ್ಲ. ಗಾರೆ ಗೊತ್ತು, ಸೆಂಟ್ರಿಂಗ್ ಗೊತ್ತು, ಕಂಬಿ ಕಟ್ಟುವುದು ಗೊತ್ತು, ಟೈಲ್ಸ್ ಕೂರಿಸುವುದೂ ಗೊತ್ತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಎಲ್ಲಿ ಹೋದರೂ ಇಂಥವರು ಸಿಗುತ್ತಾರೆ. ಸಿಗದಿರುವುದು ಕೆಲಸವನ್ನು ನಡೆಸುವವರು. ಹತ್ತು ಜನರನ್ನು ಹೊಂದಿಸಿ, ಸಾಮಾನು ಸಮಯಕ್ಕೆ ತರಿಸಿ, ಹಣದ ಲೆಕ್ಕ ತಪ್ಪದಂತೆ ನೋಡಿಕೊಂಡು, ಮಳೆ ಹಿಡಿಯುವ ಮೊದಲು ತಾರಸಿ ಹಾಕಿ ಮುಗಿಸುವವರು ಬೆರಳೆಣಿಕೆಯಷ್ಟು. ಆ ವಿದ್ಯೆಯನ್ನೇ ಕಾಲೇಜಿನಲ್ಲಿ ಕನ್‌ಸ್ಟ್ರಕ್ಷನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದು ಕಲಿಸುತ್ತಾರೆ. ಅದನ್ನು ಕಲಿತು ಮೇಲೆ ಬರಬೇಕೆನ್ನುವವರಿಗೆ, ಇಲ್ಲಿಯ ಮಳೆ, ಮಣ್ಣು, ಜನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬರೆದ ಸೂತ್ರಗಳಿವು.

1. ನೀವು ಎಲ್ಲಿದ್ದೀರೋ ಅಲ್ಲಿಂದಲೇ ದಾರಿ ಇದೆ, ಹುಡುಕಿಕೊಳ್ಳಿ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನ ಕೋರ್ಸಿಗೆ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೇರಲಾಗದು. ಮೊದಲು ಸಿವಿಲ್ ಓದಬೇಕು, ನಿರ್ವಹಣೆ ಅದರೊಳಗಿನ ವಿಷಯವಾಗಿ ಬರುತ್ತದೆ. ಆಮೇಲೆ ಬೇಕಿದ್ದರೆ ಅದರಲ್ಲೇ ಸ್ನಾತಕೋತ್ತರ ಪದವಿ ಮಾಡಬಹುದು.

ಎಸ್ಸೆಸ್ಸೆಲ್ಸಿ ಆದವರಿಗೆ 3 ವರ್ಷದ ಸಿವಿಲ್ ಡಿಪ್ಲೊಮಾ ಇದೆ. 2 ವರ್ಷದ ಐಟಿಐ ಮುಗಿಸಿದವರು ನೇರ ಡಿಪ್ಲೊಮಾದ ಎರಡನೇ ವರ್ಷಕ್ಕೆ ಹೋಗಬಹುದು. ಡಿಪ್ಲೊಮಾ ಆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ವಿಜ್ಞಾನ ಓದಿದವರಿಗೆ ಸಿಇಟಿ ಇದ್ದೇ ಇದೆ.

ಸೈಟಿನಲ್ಲಿ ಈಗಾಗಲೇ ಕೈ ಪಳಗಿದವರಿಗೆ ಡಿಪ್ಲೊಮಾ ದಾರಿಯೇ ವಾಸಿ ಎಂದು ನನ್ನ ಖಚಿತ ಅಭಿಪ್ರಾಯ. ಮೂರು ವರ್ಷಕ್ಕೆ ಕೈಗೊಂದು ಅರ್ಹತೆ ಸಿಗುತ್ತದೆ, ಮನೆಯ ಪರಿಸ್ಥಿತಿ ನೋಡಿಕೊಂಡು ಕೆಲಸಕ್ಕೆ ಸೇರಬಹುದು, ಮುಂದೆ ಓದುವ ಬಾಗಿಲೂ ಮುಚ್ಚುವುದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು. ಸಹಾಯಕ ಎಂಜಿನಿಯರ್ ಆಗಲು ಬಿಇ ಬೇಕು. ಚಿಕ್ಕಮಗಳೂರಿನಲ್ಲೂ ಭದ್ರಾವತಿಯಲ್ಲೂ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ. ಬಿಇಗೆ ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು, ಶಿವಮೊಗ್ಗದ ಜೆಎನ್‌ಎನ್‌ಸಿಇ, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇವೆ. ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ.

ಹುಡುಗಿಯರಿಗೂ ಇದೇ ಮಾತು. ಮಲೆನಾಡಿನ ಸೈಟುಗಳಲ್ಲಿ ಜಲ್ಲಿ ಹೊತ್ತು, ಗಾರೆ ಕಲಸಿ ದುಡಿಯುವ ಹೆಂಗಸರು ಎಷ್ಟೋ ಜನ. ಅವರ ಹೆಣ್ಣುಮಕ್ಕಳು ಅದೇ ಸೈಟಿನಲ್ಲಿ ನಕ್ಷೆ ಹಿಡಿದು ನಿಲ್ಲುವ ದಿನ ಬೇಗ ಬರಬೇಕು.

2. ಅಂಚೆಯಲ್ಲಿ ಬರುವ ಎಂಜಿನಿಯರಿಂಗ್ ಪದವಿಗೆ ದುಡ್ಡು ಹಾಕಬೇಡಿ

ಕೆಲಸ ಬಿಡದೆ ಮನೆಯಲ್ಲೇ ಕೂತು ಬಿಇ ಮಾಡಿ ಎಂದು ಯಾರಾದರೂ ಕರಪತ್ರ ಕೊಟ್ಟರೆ ಅಲ್ಲೇ ಹರಿದುಹಾಕಿ. ಎಂಜಿನಿಯರಿಂಗ್‌ನಂಥ ತಾಂತ್ರಿಕ ಶಿಕ್ಷಣವನ್ನು ಅಂಚೆ ತೆರಪಿನಲ್ಲಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಹೇಳಿದೆ. ಕೆಲಸದಲ್ಲಿರುವವರಿಗೆ ಅನುಕೂಲದ ಹೊತ್ತಿನಲ್ಲಿ ತರಗತಿ ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಕೆಲವು ಕಾಲೇಜುಗಳಿಗೆ ಅನುಮತಿ ಕೊಡುತ್ತದೆ. ಅಂಥದ್ದಕ್ಕೆ ಸೇರುವುದಾದರೆ ಆ ವರ್ಷದ ಅನುಮತಿ ಪತ್ರ ತೋರಿಸಿ ಎಂದು ಕೇಳಿ, ಆಮೇಲೆ ಶುಲ್ಕ ಕಟ್ಟಿ.

3. ಬಾರ್ ಚಾರ್ಟಿನ ತಲೆಯ ಮೇಲೆ ಮಳೆ ನಕ್ಷತ್ರಗಳನ್ನು ಬರೆಯಿರಿ

ಕಾಲೇಜಿನಲ್ಲಿ ಮೊದಲು ಹೇಳಿಕೊಡುವುದು ಬಾರ್ ಚಾರ್ಟ್. ಎಡಕ್ಕೆ ಕೆಲಸಗಳ ಪಟ್ಟಿ, ಮೇಲೆ ವಾರಗಳು, ನಡುವೆ ಪಟ್ಟಿಗಳು. ಪಠ್ಯದ ಉದಾಹರಣೆಯಲ್ಲಿ ವರ್ಷದ 52 ವಾರವೂ ಒಂದೇ ತರಹ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಶೃಂಗೇರಿ, ಕೊಪ್ಪಗಳಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಂಬುವ ಹಾಗಿಲ್ಲ. ಎನ್.ಆರ್.ಪುರದ ಕಡೆ ಮಳೆ ಇನ್ನೂ ಕಡಿಮೆ. ಒಂದೇ ಗುತ್ತಿಗೆದಾರನಿಗೆ ಶೃಂಗೇರಿಯಲ್ಲೊಂದು, ಎನ್.ಆರ್.ಪುರದಲ್ಲೊಂದು ಸೈಟಿದ್ದರೆ ಎರಡಕ್ಕೂ ಒಂದೇ ಚಾರ್ಟ್ ಹಾಕುವುದು ತಪ್ಪು.

ಹಾಗಾಗಿ ಚಾರ್ಟಿನ ಮೇಲುಗಡೆ ತಿಂಗಳುಗಳ ಪಕ್ಕದಲ್ಲೇ ನಮ್ಮ ಹಿರಿಯರ ಲೆಕ್ಕವನ್ನೂ ಬರೆಯಿರಿ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕಾ, ಮೇ ಕೊನೆಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ, ಜೂನ್ 22ಕ್ಕೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, ಆಮೇಲೆ ಪುಷ್ಯ, ಆಶ್ಲೇಷ. ಭರಣಿಗೆ ಮುಂಚೆ ತಾರಸಿ, ಮೃಗಶಿರಕ್ಕೆ ಮುಂಚೆ ಹೊರಗಿನ ಪ್ಲಾಸ್ಟರ್, ಆರಿದ್ರಾದಿಂದ ಆಶ್ಲೇಷದವರೆಗೆ ಒಳಗಿನ ವೈರಿಂಗ್, ಟೈಲ್ಸ್, ಬಡಗಿ ಕೆಲಸ. ಹೀಗೆ ಹಂಚಿಟ್ಟರೆ ಮಳೆಗಾಲ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ, ಒಳಗಿನ ಕೆಲಸದ ಕಾಲವಾಗುತ್ತದೆ.

ಮಳೆಯ ಜೊತೆಗೆ ತೋಟದ ಕಾಲವನ್ನೂ ಗುರುತು ಹಾಕಿಕೊಳ್ಳಿ. ಅಕ್ಟೋಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು, ಸುಲಿತ. ಅದರ ಮೇಲೇ ಕಾಫಿ ಕೊಯ್ಲು ಬರುತ್ತದೆ. ಮಳೆಗಾಲದ ಬಾಯಲ್ಲಿ ಬೋರ್ಡೋ ಔಷಧಿ ಹೊಡೆಯುವ ಗಡಿಬಿಡಿ. ಆ ದಿನಗಳಲ್ಲಿ ಸೈಟಿಗೆ ಬರುವ ಆಳು ಕಡಿಮೆಯಾಗುವುದು ಸಹಜ, ಬೈದು ಪ್ರಯೋಜನವಿಲ್ಲ. ಕಾರ್ಮಿಕರ ಲಭ್ಯತೆ ಎಂದು ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿಸುವ ವಿಷಯ ಇಲ್ಲಿ ಇಡೀ ಯೋಜನೆಯನ್ನೇ ತೀರ್ಮಾನಿಸುತ್ತದೆ. ಆಷಾಢದಲ್ಲಿ ಗೃಹಪ್ರವೇಶ ಇಟ್ಟುಕೊಳ್ಳುವವರು ಇಲ್ಲ. ಮನೆಯವರು ಪುರೋಹಿತರ ಹತ್ತಿರ ಮುಹೂರ್ತ ಕೇಳುವ ಮೊದಲೇ ನೀವು ಅವರೊಂದಿಗೆ ಕೂತು ಚಾರ್ಟ್ ತೋರಿಸಿ.

4. ಯಾವ ಕೆಲಸ ತಡವಾದರೆ ಮನೆಯೇ ತಡವಾಗುತ್ತದೆ ಎಂದು ಗುರುತಿಸಿ

1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಕ್ರಿಟಿಕಲ್ ಪಾತ್ (ಸಿಪಿಎಂ) ಎಂಬ ವಿಧಾನ ರೂಪಿಸಿತು. ಅದೇ ಹೊತ್ತಿಗೆ ಆ ದೇಶದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬುದನ್ನು ಬಳಸಿತು. ಸಿಪಿಎಂ, ಪರ್ಟ್ ಎಂದರೆ ಹುಡುಗರು ಹೆದರುತ್ತಾರೆ. ಹತ್ತು ಚದರದ ಒಂದು ಮನೆ ತೆಗೆದುಕೊಂಡು ನೋಡಿ, ಅದರಲ್ಲಿ ಹೆದರುವಂಥದ್ದೇನಿಲ್ಲ.

ಪಾಯ ಅಗೆತಕ್ಕೆ 6 ದಿನ, ಸೈಜುಗಲ್ಲಿನ ಪಾಯಕ್ಕೆ 10, ಪ್ಲಿಂತ್ ಬೀಮಿಗೆ 9. ಅಲ್ಲಿಗೆ 25 ದಿನ. ಲಿಂಟಲ್‌ವರೆಗೆ ಜಂಬಿಟ್ಟಿಗೆಯ ಗೋಡೆ 12, ಲಿಂಟಲ್ 7, ಅದರ ಮೇಲಿನ ಗೋಡೆ 8, ಸೆಂಟ್ರಿಂಗ್ 7, ಕಂಬಿ 4, ಕಾಂಕ್ರೀಟ್ ಹಾಕುವ ದಿನ 1. ಒಟ್ಟು 64 ಕೆಲಸದ ದಿನ. ನಿಮ್ಮ ಗ್ಯಾಂಗಿಗೆ ತಕ್ಕಂತೆ ಈ ಅಂಕಿಗಳನ್ನು ಬದಲಿಸಿಕೊಳ್ಳಿ.

ಈಗ ಬಾಗಿಲ ದಾರಂದದ ವಿಷಯಕ್ಕೆ ಬನ್ನಿ. ಗೋಡೆ ಏಳುವ ದಿನಕ್ಕೆ ದಾರಂದ ಸೈಟಿನಲ್ಲಿರಬೇಕು. ಬಡಗಿ 25 ದಿನ ಬೇಕು ಎನ್ನುತ್ತಾನೆ. ಪಾಯಕ್ಕೆ ಗುದ್ದಲಿ ಹಾಕಿದ ದಿನವೇ ಮರ ಕೊಟ್ಟಿದ್ದರೆ ಸರಿಯಾಗಿ 25ನೇ ದಿನ ಸಿಗುತ್ತದೆ. ಪಾಯ ಆಗಲಿ, ಆಮೇಲೆ ನೋಡೋಣ ಎಂದು ಒಂದು ವಾರ ತಳ್ಳಿದರೆ ಇಡೀ ಮನೆ ಒಂದು ವಾರ ತಡ. ಸೈಟಿನಲ್ಲಿ ಹತ್ತು ಜನ ಬೆವರು ಸುರಿಸುತ್ತಿದ್ದರೂ ನಿಜವಾದ ವಿಳಂಬ ಪೇಟೆಯ ಬಡಗಿ ಅಂಗಡಿಯಲ್ಲಿ ಆಗುತ್ತಿರುತ್ತದೆ. ಸೈಟಿನಲ್ಲೇ ನಿಂತವರಿಗೆ ಅದು ಕಾಣುವುದಿಲ್ಲ, ಚಾರ್ಟ್ ಬರೆದವರಿಗೆ ಮೊದಲ ದಿನವೇ ಕಾಣುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ವಾರಕ್ಕೆ 6 ದಿನ ಕೆಲಸ ನಡೆದರೆ 64 ದಿನ ಎಂದರೆ ಹನ್ನೊಂದು ವಾರದೊಳಗೆ ಮುಗಿಯುತ್ತದೆ. ಡಿಸೆಂಬರ್ 1ಕ್ಕೆ ಶುರು ಮಾಡಿದರೆ ಫೆಬ್ರವರಿ ನಡುವಿಗೆ ತಾರಸಿ. ಆದರೆ ಕೊಯ್ಲಿನ ಕಾಲ, ವಾರಕ್ಕೆ 4 ದಿನ ಮಾತ್ರ ಜನ ಸಿಕ್ಕರೆ 16 ವಾರ ಬೇಕು. ಮಾರ್ಚ್ ಕೊನೆಯ ಹೊತ್ತಿಗೆ ತಾರಸಿ. ಭರಣಿಗೆ ಇನ್ನೂ ತಿಂಗಳಿದೆ, ಚಿಂತೆಯಿಲ್ಲ. ಅದೇ ಮನೆಯನ್ನು ಜನವರಿ 25ಕ್ಕೆ ಶುರು ಮಾಡಿ, ಜನ ಅಷ್ಟೇ ಸಿಕ್ಕರೆ ತಾರಸಿಯ ದಿನ ಮೇ 17ರ ಸುಮಾರಿಗೆ ಬೀಳುತ್ತದೆ. ಕೃತ್ತಿಕಾ ಮಳೆ, ಸಂಜೆ ಗುಡುಗು ಸಿಡಿಲು, ಕರೆಂಟಿಲ್ಲ, ಮಿಕ್ಸರ್ ನಿಂತಿದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಲೆಕ್ಕ ಹಾಕಿ ಪಾಲಿಸುವುದಕ್ಕೇ ಕ್ರಿಟಿಕಲ್ ಪಾತ್ ಎನ್ನುವುದು.

5. ಲೆಕ್ಕ ಬಾಯಲ್ಲಿರಲಿ

ಕಂಬಿಯ ವ್ಯಾಸವನ್ನು ಮಿ.ಮೀ.ಯಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ 0.89 ಕೆ.ಜಿ.; 12 ಮೀಟರ್ ಉದ್ದದ ಒಂದು ಕಂಬಿಗೆ ಸುಮಾರು 10.7 ಕೆ.ಜಿ. ಲೋಡ್ ಇಳಿಯುವಾಗ ಎಣಿಸಿ, ಗುಣಿಸಿ, ತೂಕದ ಚೀಟಿಯೊಂದಿಗೆ ಹೋಲಿಸಿ. ಸಾವಿರ ಚದರಡಿಯ ತಾರಸಿ 5 ಇಂಚು ದಪ್ಪವಿದ್ದರೆ 417 ಘನ ಅಡಿ, ಅಂದರೆ ಹೆಚ್ಚುಕಡಿಮೆ 11.8 ಘನ ಮೀಟರ್ ಕಾಂಕ್ರೀಟ್. ಎಂ20ಗೆ 1:1.5:3 ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿದರೆ 95 ಚೀಲ. ಬೀಮುಗಳ ಲೆಕ್ಕ ಬೇರೆ.

ಆ 95 ಚೀಲ ಎಲ್ಲಿಡುತ್ತೀರಿ? ನಮ್ಮ ಹವೆಯಲ್ಲಿ ಸಿಮೆಂಟು ಬೇಗ ಗಟ್ಟಿ ಕಟ್ಟುತ್ತದೆ. ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತು ಚೀಲಕ್ಕಿಂತ ಎತ್ತರ ಪೇರಿಸದೆ ಇಡಬೇಕು. ಮೂರು ತಿಂಗಳು ದಾಟಿದ ಚೀಲವನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ತಾರಸಿಯ ದಿನ ಗೊತ್ತಿಲ್ಲದೆ ಸಿಮೆಂಟ್ ತರಿಸುವುದು ಬೇಡ ಎನ್ನುವುದು ಇದಕ್ಕೇ.

6. ಸಂಹಿತೆಯ ಅಂಕಿಯನ್ನಷ್ಟೇ ಅಲ್ಲ, ಷರತ್ತನ್ನೂ ಓದಿ

ಐಎಸ್ 456:2000 ಎಂಬುದು ಕಾಂಕ್ರೀಟ್ ಕೆಲಸಕ್ಕೆ ದೇಶದ ಸಂಹಿತೆ. ಅದರಲ್ಲಿ ಊರೆಗೋಲು ಯಾವಾಗ ತೆಗೆಯಬೇಕೆಂದು ಕೊಟ್ಟಿದ್ದಾರೆ. 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. 6 ಮೀಟರ್‌ವರೆಗಿನ ಬೀಮಿಗೆ 14 ದಿನ, ಹೆಚ್ಚಿದ್ದರೆ 21. ಪರೀಕ್ಷೆಗೆ ಎಲ್ಲರೂ ಇದನ್ನು ಬಾಯಿಪಾಠ ಮಾಡುತ್ತಾರೆ.

ಪರೀಕ್ಷೆಯಾದ ಮೇಲೆ ಮರೆತುಹೋಗುವುದು ಅದರ ಜೊತೆಗಿರುವ ಷರತ್ತು. ಈ ದಿನಗಳ ಲೆಕ್ಕ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅದೂ ಹವೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದಾಗ. ನಮ್ಮ ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಡಿಸೆಂಬರ್, ಜನವರಿಯ ಬೆಳಗಿನ ಜಾವದ ಚಳಿ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಎರಡು ಷರತ್ತೂ ಇಲ್ಲಿ ಒಟ್ಟಿಗೇ ಮುರಿಯುತ್ತವೆ. ಬೇರೆ ಸಿಮೆಂಟಿದ್ದರೆ, ಚಳಿಯಿದ್ದರೆ ದಿನಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕೆಂದು ಸಂಹಿತೆಯೇ ಹೇಳುತ್ತದೆ. ಕ್ಯೂರಿಂಗ್ ಕೂಡ ಹಾಗೇ: ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ. ಜಾಕ್ ಇನ್ನೊಂದು ಸೈಟಿಗೆ ಬೇಕು, ಬಾಡಿಗೆ ಏರುತ್ತಿದೆ ಎಂದು ಏಳನೇ ದಿನವೇ ಬಿಚ್ಚಲು ಒತ್ತಡ ಬರುತ್ತದೆ. ಆಗ ಗಟ್ಟಿಯಾಗಿ ನಿಂತು ಬೇಡ ಎನ್ನುವ ಧೈರ್ಯ ಕೊಡುವುದು ಓದು. ಓದದ ಮೇಸ್ತ್ರಿಗೂ ಅನುಭವದಿಂದ ಇದು ತಿಳಿದಿರುತ್ತದೆ. ಆದರೆ ಮಾಲೀಕನ ಮುಂದೆ ಪುಸ್ತಕದ ಪುಟ ತೆರೆದು ತೋರಿಸುವ ಬಲ ಅವನಿಗಿಲ್ಲ. ಆ ಬಲವನ್ನು ನೀವು ಅವನಿಗೂ ಕೊಡಬೇಕು.

150 ಮಿ.ಮೀ. ಕ್ಯೂಬ್ ಅಚ್ಚುಗಳನ್ನು ಚಿಕ್ಕ ಸೈಟಿಗೂ ತನ್ನಿ. ಕಾಂಕ್ರೀಟ್ ಹಾಕಿದ ದಿನವೇ ತುಂಬಿಸಿ, 7 ಮತ್ತು 28ನೇ ದಿನ ಪರೀಕ್ಷೆ ಮಾಡಿಸಿ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಯಂತ್ರವಿರುತ್ತದೆ. ನಿಮ್ಮ ಮೇಷ್ಟ್ರು ಸಂತೋಷದಿಂದ ನೆರವಾಗುತ್ತಾರೆ.

7. ನೀರು ಮತ್ತು ಧರೆಗೆ ಎಸ್ಟಿಮೇಟಿನಲ್ಲಿ ಮೊದಲ ಸ್ಥಾನ

ಮಲೆನಾಡಿನಲ್ಲಿ ಆರ್‌ಸಿಸಿ ಮನೆ ಕಟ್ಟಿ ನಾಲ್ಕು ಮಳೆಗಾಲ ಕಳೆಯುವುದರೊಳಗೆ ತಾರಸಿ ಸೋರಿ, ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹೊದಿಸುವುದು ಸಾಮಾನ್ಯ ದೃಶ್ಯವಾಗಿದೆ. ಆ ಖರ್ಚು ಹೇಗೂ ಬರುತ್ತದೆಂದು ಗೊತ್ತಿದ್ದ ಮೇಲೆ ಮೊದಲ ಎಸ್ಟಿಮೇಟಿನಲ್ಲೇ ಸೇರಿಸಿ. ಟ್ರಸ್ಸಿನ ಕಂಬಗಳಿಗೆ ಬೇಕಾದ ಬೋಲ್ಟುಗಳನ್ನು ತಾರಸಿ ಹಾಕುವಾಗಲೇ ಕೂರಿಸಿದರೆ ಆಮೇಲೆ ಕೊರೆದು ಹಾಳು ಮಾಡುವುದು ತಪ್ಪುತ್ತದೆ. ಇಳಿಜಾರು ಹೆಂಚಿನ ಮಾಡು ಬೇಕೇ, ಸಪಾಟು ತಾರಸಿ ಬೇಕೇ ಎಂದು ಮನೆಯವರನ್ನು ನೇರವಾಗಿ ಕೇಳಿ, ಎರಡರ ಖರ್ಚನ್ನೂ ಮುಂದಿಡಿ. ರಜೆಯಲ್ಲಿ ಕುಪ್ಪಳಿಯ ಕವಿಮನೆಗೆ ಹೋದರೆ ಮಾಡಿನ ಇಳಿಜಾರು, ಚಾಚಿಕೊಂಡ ಸೂರು, ಅಂಗಳದ ನೀರಿನ ದಾರಿ ಇಷ್ಟನ್ನೇ ಒಂದು ಗಂಟೆ ನೋಡಿ. ಶೃಂಗೇರಿಯ ವಿದ್ಯಾಶಂಕರ ದೇವಾಲಯ 14ನೇ ಶತಮಾನದ್ದು. ತುಂಗೆಯ ದಡದಲ್ಲಿ, ಅಂಥ ಮಳೆಯಲ್ಲಿ ನಿಂತಿರುವ ಆ ಕಲ್ಲುಕಟ್ಟಡದ ಎತ್ತರದ ಪೀಠವನ್ನು ಸಿವಿಲ್ ವಿದ್ಯಾರ್ಥಿಯ ಕಣ್ಣಿನಿಂದ ಅಳೆಯಿರಿ.

ಧರೆ ಇನ್ನೂ ಗಂಭೀರ. ಜೆಸಿಬಿ ಬಂದ ಮೇಲೆ ಗುಡ್ಡದ ಓರೆಯನ್ನು ಲಂಬವಾಗಿ ಕಡಿದು ಮನೆ ಜಾಗ ಮಾಡುವುದು ಅರ್ಧ ದಿನದ ಕೆಲಸವಾಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. 2018ರಲ್ಲಿ ಕೊಡಗು ಅನುಭವಿಸಿದ್ದೂ ನಮ್ಮೆಲ್ಲರ ಕಣ್ಣೆದುರಿಗೇ ಇದೆ. ಮಣ್ಣು ನೀರು ಕುಡಿದಾಗ ಅದರ ತೂಕ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೇಲಿನಿಂದ ಬರುವ ನೀರನ್ನು ಚರಂಡಿ ಮಾಡಿ ಪಕ್ಕಕ್ಕೆ ತಿರುಗಿಸಬೇಕು, ತಡೆಗೋಡೆಗೆ ನೀರು ಹೊರಹೋಗುವ ತೂತುಗಳನ್ನು ಬಿಡಬೇಕು. ಜಿಯೊಟೆಕ್ನಿಕಲ್ ಎಂಜಿನಿಯರಿಂಗ್ ತರಗತಿಗೆ ಚಕ್ಕರ್ ಹೊಡೆಯುವವರು ಈ ಊರಿನಲ್ಲಿ ಕೆಲಸ ಮಾಡಬಾರದು. ಮಳೆಗಾಲದಲ್ಲಿ ಧರೆಯ ಬುಡದಲ್ಲಿ ಆಳು ಇಳಿಸುವುದಿಲ್ಲ ಎಂಬ ನಿಯಮವನ್ನು ಯಾರು ಏನೇ ಅಂದರೂ ಮುರಿಯಬೇಡಿ.

8. ಹಣ ಯಾವ ತಿಂಗಳು ಬರುತ್ತದೆ ಎಂದು ಕೇಳಿ

ಇಲ್ಲಿ ಮನೆ ಕಟ್ಟಿಸುವವರಲ್ಲಿ ಬಹಳಷ್ಟು ಜನ ತೋಟದವರು. ಅಡಿಕೆ ಒಣಗಿ, ಮ್ಯಾಮ್‌ಕೋಸಿಗೋ ಮಂಡಿಗೋ ಹೋಗಿ, ಮಾರಾಟವಾದ ಮೇಲೆ ಕೈಗೆ ಹಣ. ಸೆಪ್ಟೆಂಬರ್‌ನಲ್ಲಿ ಕಂತು ಕೇಳಿದರೆ ಎಲ್ಲಿಂದ ಕೊಡುತ್ತಾರೆ? ಆದ್ದರಿಂದ ಕೆಲಸದ ಚಾರ್ಟಿನ ಕೆಳಗೆ ಹಣದ ಚಾರ್ಟನ್ನೂ ಹಾಕಿ. ಮುಂಗಡ, ಪ್ಲಿಂತ್, ಲಿಂಟಲ್, ತಾರಸಿ, ಪ್ಲಾಸ್ಟರ್, ಕೀಲಿಕೈ ಹೀಗೆ ಆರು ಕಂತು ಮಾಡಿ, ಪ್ರತಿ ಕಂತಿನ ತಿಂಗಳನ್ನು ಮನೆಯವರ ಆದಾಯಕ್ಕೆ ಹೊಂದಿಸಿ, ಬರೆದು, ಇಬ್ಬರೂ ಸಹಿ ಹಾಕಿ. ಸಂಬಂಧಿಕರ ಮನೆಯಾದರೆ ಬರೆಯುವುದು ಇನ್ನೂ ಅಗತ್ಯ.

ಸರ್ಕಾರಿ ಕೆಲಸದ ರೀತಿ ಬೇರೆ. ಟೆಂಡರಿಗೆ ಕರ್ನಾಟಕದ ಪಾರದರ್ಶಕತೆ ಕಾಯ್ದೆ, 1999 ಇದೆ, ಇಲಾಖೆಯ ಎಸ್.ಆರ್. ದರಪಟ್ಟಿ ಇದೆ, ಅಳತೆ ಪುಸ್ತಕ, ಅಂದರೆ ಎಂ.ಬಿ. ಇದೆ. ಎಂ.ಬಿ.ಯಲ್ಲಿ ಏರದ ಕೆಲಸಕ್ಕೆ ಬಿಲ್ಲಿಲ್ಲ. ಪಾಯದಂತೆ ಮಣ್ಣೊಳಗೆ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಸಿ, ಟೇಪ್ ಇಟ್ಟು ಫೋಟೊ ತೆಗೆದುಕೊಳ್ಳಿ. ಬಿಲ್ ಆಗಲು ತಿಂಗಳುಗಳು ಹಿಡಿಯಬಹುದು. ಆದರೆ ಶನಿವಾರದ ಬಟವಾಡೆ ಕಾಯುವುದಿಲ್ಲ. ಎಷ್ಟು ವಾರದ ಬಟವಾಡೆಯನ್ನು ಕೈಯಿಂದ ಕೊಡಬಲ್ಲೆ ಎಂದು ತಿಳಿಯದೆ ಯಾವ ಗುತ್ತಿಗೆಗೂ ಕೈ ಹಾಕಬೇಡಿ.

ಜಾಗದ ಕಾಗದಪತ್ರವನ್ನೂ ಚಾರ್ಟಿನ ಒಂದು ಸಾಲಾಗಿ ಸೇರಿಸಿ. ಭೂಪರಿವರ್ತನೆ, ಪಂಚಾಯಿತಿಯ ಇ-ಸ್ವತ್ತು, ಕಟ್ಟಡದ ಪರವಾನಗಿ, ವಿದ್ಯುತ್ ಸಂಪರ್ಕ ಇವು ಗಾರೆ ಕೆಲಸಕ್ಕಿಂತ ಹೆಚ್ಚು ದಿನ ತಿನ್ನುತ್ತವೆ.

9. ದಿನವೂ ಒಂದು ಪುಟ

ಎಷ್ಟು ಜನ ಬಂದರು, ಏನು ಕೆಲಸವಾಯಿತು, ಎಷ್ಟು ಚೀಲ ಹೋಯಿತು, ಮಳೆ ಬಂತೇ, ಯಾರು ಏನು ಹೇಳಿದರು. ಕನ್ನಡದಲ್ಲೇ ಬರೆಯಿರಿ. ನಕ್ಷೆ ಓದುವಷ್ಟು ಇಂಗ್ಲಿಷ್ ಕಲಿಯಿರಿ, ಬಿಹಾರ, ಬಂಗಾಳದಿಂದ ಬಂದವರ ಜೊತೆ ಮಾತಾಡುವಷ್ಟು ಹಿಂದಿ ಕಲಿಯಿರಿ, ಡೈರಿ ಮಾತ್ರ ನಿಮ್ಮ ಭಾಷೆಯಲ್ಲಿರಲಿ. ಎರಡು ವರ್ಷದ ಡೈರಿಗಳಿದ್ದರೆ, ಒಬ್ಬ ಗಾರೆಯವನು ಒಬ್ಬ ಸಹಾಯಕನ ಜೊತೆ ದಿನಕ್ಕೆ ಎಷ್ಟು ಜಂಬಿಟ್ಟಿಗೆ ಕಟ್ಟುತ್ತಾನೆ ಎಂಬುದಕ್ಕೆ ಯಾವ ಪುಸ್ತಕವೂ ಕೊಡದ ಉತ್ತರ ನಿಮ್ಮಲ್ಲಿರುತ್ತದೆ.

10. ಜನರನ್ನು ಲೆಕ್ಕದ ತಲೆಗಳಾಗಿ ನೋಡಬೇಡಿ

ಕಾಲೇಜಿನಿಂದ ಬಂದ ಎಂಜಿನಿಯರು ಮೊದಲ ವಾರವೇ ಮೇಸ್ತ್ರಿಯನ್ನು ಏಕವಚನದಲ್ಲಿ ಕರೆದರೆ ಆ ಸೈಟು ಅವನ ಕೈ ತಪ್ಪಿತು ಎಂದೇ ತಿಳಿಯಿರಿ. ತೂಗುಗುಂಡು, ರಸಮಟ್ಟ ಹಿಡಿದು ಮೂವತ್ತು ವರ್ಷ ಗೋಡೆ ಕಟ್ಟಿದವರು ಅವರು. ಅಣ್ಣ ಎನ್ನಿ, ಮೇಸ್ತ್ರಿಗಳೇ ಎನ್ನಿ, ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ.

ನಿಮ್ಮ ಕೈಕೆಳಗಿರುವ ಪ್ರತಿಯೊಬ್ಬರಿಗೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಎಂದು ಕೇಳಿ. ಕೇಂದ್ರದ ಕಾನೂನಿನ ಪ್ರಕಾರ 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಅವರ ಮಕ್ಕಳ ಓದಿಗೆ ಮಂಡಳಿಯಿಂದ ಸಹಾಯಧನ ಸಿಗುತ್ತದೆ. ನೀವೇ ಅಂಥ ಮನೆಯ ಮಗನೋ ಮಗಳೋ ಆಗಿದ್ದರೆ ಅಪ್ಪ ಅಮ್ಮನ ಕಾರ್ಡ್ ನವೀಕರಣವಾಗಿದೆಯೇ ಎಂದು ಇವತ್ತೇ ನೋಡಿ.

ದುಡಿಯುವವರಿಗೆ ಆಡಳಿತ ಬರುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಕೊಡಿ. ಒಂದು ನಮ್ಮದೇ ಕೊಪ್ಪದ್ದು. 1991ರಲ್ಲಿ ಬಸ್ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಸುಮಾರು ಮೂರು ದಶಕ ಮಲೆನಾಡಿನ ಜನರನ್ನು ಹೊತ್ತು ತಿರುಗಿತು. ಇನ್ನೊಂದು ಕೇರಳದ ವಡಗರದ್ದು. 1925ರಲ್ಲಿ 14 ಮಂದಿ ಕೂಲಿಯವರು ಸೇರಿ ಶುರು ಮಾಡಿದ ಊರಾಳುಂಗಲ್ ಕಾರ್ಮಿಕರ ಗುತ್ತಿಗೆ ಸಹಕಾರ ಸಂಘ ಇಂದು ಸೇತುವೆ, ಹೆದ್ದಾರಿ ಕಟ್ಟುವ ದೊಡ್ಡ ಸಂಸ್ಥೆ. ಕಾಸರಗೋಡು ಕಡೆ ತಲಪಾಡಿಯಿಂದ ಚೆಂಗಳವರೆಗಿನ 39 ಕಿ.ಮೀ. ಷಟ್ಪಥ ಹೆದ್ದಾರಿಯ ಗುತ್ತಿಗೆ ಪಡೆದದ್ದು ಅದೇ ಸಂಘ. ಸಹಕಾರ ಸಾರಿಗೆ 2020ರಲ್ಲಿ ನಿಂತಿತು, ಆ ನೋವು ನಮಗೆಲ್ಲ ಇದೆ. ಒಂದು ಸಂಸ್ಥೆ ಹೇಗೆ ಬೆಳೆಯಿತು, ಇನ್ನೊಂದು ಯಾಕೆ ನಿಂತಿತು ಎಂದು ಲೆಕ್ಕಪತ್ರ ಇಟ್ಟುಕೊಂಡು ಅಧ್ಯಯನ ಮಾಡಿದರೆ ಅದು ಒಳ್ಳೆಯ ಪ್ರಾಜೆಕ್ಟ್ ವರದಿಯಾಗುತ್ತದೆ. ಕೊನೆಯ ವರ್ಷದಲ್ಲಿ ಹಳೆಯ ವರದಿ ನಕಲು ಮಾಡುವ ಬದಲು ಇದನ್ನು ಮಾಡಿ.

11. ಸಾಫ್ಟ್‌ವೇರ್ ಆಮೇಲೆ

ಆಟೊಕ್ಯಾಡ್ ಬೇಕು, ಎಕ್ಸೆಲ್ ಇನ್ನೂ ಚೆನ್ನಾಗಿ ಬೇಕು. ಪ್ರಿಮಾವೆರಾ, ಎಂಎಸ್ ಪ್ರಾಜೆಕ್ಟ್ ದೊಡ್ಡ ಕಂಪನಿಗೆ ಹೋಗುವಾಗ ಕಲಿತರಾಯಿತು. ಕಾಗದದ ಮೇಲೆ ಚಾರ್ಟ್ ಹಾಕಲು ಬಾರದೆ ಸಾವಿರಾರು ರೂಪಾಯಿ ಕೊಟ್ಟು ತರಬೇತಿಗೆ ಸೇರುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ನಿರ್ಮಾಣ ನಿರ್ವಹಣೆಯ ಪಾಠಗಳು ಉಚಿತವಾಗಿವೆ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು.

12. ಸ್ನಾತಕೋತ್ತರಕ್ಕೆ ಅವಸರ ಬೇಡ

ಘಟ್ಟ ಇಳಿದರೆ ಸುರತ್ಕಲ್ಲಿನ ಎನ್‌ಐಟಿಕೆ ಇದೆ. ಅಲ್ಲಿ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಮತ್ತು ಮ್ಯಾನೇಜ್‌ಮೆಂಟ್‌ನಲ್ಲಿ ಎಂ.ಟೆಕ್. ಮಾಡಬಹುದು, ಗೇಟ್ ಅಂಕ ಬೇಕು. 1983ರಲ್ಲಿ ಶುರುವಾದ ಪುಣೆಯ ನಿಕ್ಮಾರ್ ಈ ವಿಷಯಕ್ಕೇ ಹೆಸರಾದದ್ದು, ಆದರೆ ಶುಲ್ಕ ಜಾಸ್ತಿ. ಸಾಲ ಮಾಡುವ ಮುನ್ನ ಕಂತು ಎಷ್ಟು, ಮೊದಲ ಸಂಬಳ ಎಷ್ಟು ಸಿಗಬಹುದು ಎಂದು ಅಲ್ಲಿ ಓದಿದವರನ್ನೇ ಕೇಳಿ. ಬಿಇ ಮುಗಿಸಿ ಎರಡು ವರ್ಷ ಸೈಟಿನಲ್ಲಿ ನಿಂತು ಆಮೇಲೆ ಹೋದವರಿಗೆ ಆ ತರಗತಿಯ ಪ್ರತಿ ಪಾಠವೂ ಯಾವುದೋ ಸೈಟಿನ ಪೆಟ್ಟನ್ನು ನೆನಪಿಸುತ್ತದೆ, ತಲೆಯಲ್ಲಿ ಉಳಿಯುತ್ತದೆ.

13. ಕಾಗದಪತ್ರ ಈಗಲೇ ಮಾಡಿಸಿಡಿ

ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ ನಮ್ಮ ಮಕ್ಕಳಿಗೆ ಇದು ನ್ಯಾಯವಾಗಿ ಸಿಗಬೇಕಾದದ್ದು. ಆದರೆ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ ಆಗಿದ್ದರೆ ಎರಡೂ ಕಡೆ ಓಡಬೇಕು. ಶೆಟ್ಟಿಕೊಪ್ಪದವರಿಗೆ ಎನ್.ಆರ್.ಪುರದ ಬಿಇಒ ಕಚೇರಿ. ಪ್ರೌಢಶಾಲೆ ಕೊಪ್ಪದಲ್ಲಿ ಓದಿದ್ದರೆ ಅಲ್ಲಿಯದ್ದೂ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಮಾರ್ಚ್, ಏಪ್ರಿಲ್‌ನಲ್ಲಿ ಈ ಕಚೇರಿಗಳಲ್ಲಿ ಸಾಲು ಉದ್ದವಿರುತ್ತದೆ, ಆದ್ದರಿಂದ ಡಿಸೆಂಬರ್‌ನಲ್ಲೇ ಮುಗಿಸಿ. ಎಲ್ಲದರಲ್ಲೂ ನಿಮ್ಮ ಹೆಸರು, ಅಪ್ಪನ ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಿ, ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಸಿಕೊಳ್ಳಿ.